ವೈಂಡಿಂಗಕ್ಕ ಮತ್ತು ಅಣ್ಣನ ದೋಣಿ ಮೋಟಾರು

ಮೆಟ್ಟಿಲ ಕೆಳಗಿನ ಆ ಪುಟ್ಟ ಅಂಗಡಿಗೆ ಕೆಟ್ಟ ಫ್ಯಾನು ಹೊತ್ತು ತಂದವರು ಮೊದಲು ಕಲಿಯಬೇಕಾದದ್ದು ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು. ವೈಂಡಿಂಗಕ್ಕ ತಾಮ್ರದ ತಂತಿ ಸುತ್ತುವಾಗ ತುಟಿಯೊಳಗೇ ಸುತ್ತು ಎಣಿಸುತ್ತಿರುತ್ತಾಳೆ. ಆಗ ಮಂತ್ರಿಯೇ ಬಂದು ನಿಂತರೂ ತಲೆಯೆತ್ತುವವಳಲ್ಲ. ಎಣಿಕೆ ಮುಗಿದ ಮೇಲೆ ಕನ್ನಡಕ ಹಣೆಗೇರಿಸಿ, "ಹ್ಞಾಂ, ಈಗ ಹೇಳಿ, ಏನು ರೋಗ?" ಎಂದು ಕೇಳುತ್ತಾಳೆ.

ಹನ್ನೊಂದು ವರ್ಷ ಫ್ಯಾನ್ ಕಾರ್ಖಾನೆಯಲ್ಲಿ ದುಡಿದವಳು. ಕಾರ್ಖಾನೆಗೆ ಬೀಗ ಬಿದ್ದಾಗ ಜೊತೆಯವರು ಗೋಳಾಡುತ್ತ ಕೂತರೆ, ಇವಳು ಮೂರನೇ ದಿನಕ್ಕೆ ಅಂಗಡಿ ತೆರೆದಿದ್ದಳು. ಅದಾಗಿ ಹದಿನೆಂಟು ವರ್ಷ. ಮಿಕ್ಸಿ, ಪಂಪು, ಹೊಲಿಗೆ ಯಂತ್ರ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ ಕೂಡ ಅವಳ ಕೈಯಲ್ಲಿ ಮರುಹುಟ್ಟು ಪಡೆದಿವೆ. ಊರಿಗೆಲ್ಲ ಬೇಕಾದ ಈ ಹೆಂಗಸು ಒಬ್ಬನಿಗೆ ಮಾತ್ರ ಲೆಕ್ಕಕ್ಕಿರಲಿಲ್ಲ. ಅವನು ಅವಳ ಒಡಹುಟ್ಟಿದ ಅಣ್ಣ. ಯಾರಾದರೂ ವಿಚಾರಿಸಿದರೆ, "ನಮ್ಮ ತಂಗಿನಾ? ಏನೋ ಫ್ಯಾನು ಗೀನು ಬಿಚ್ಚಿಕೊಂಡು ಕೂತಿರ್ತಾಳೆ" ಎಂದು ಮಾತು ಮುಗಿಸುತ್ತಿದ್ದ. ಅದು ಅವಳ ಕಿವಿಗೂ ಬಿದ್ದಿತ್ತು, ನೋವೂ ಆಗಿತ್ತು.

ಅಣ್ಣ ಜಲಾಶಯದಲ್ಲಿ ಮೂವತ್ತು ವರ್ಷದಿಂದ ದೋಣಿ ಬಿಡುವವನು. ಕುಡಿಯುವ ನೀರಾದ್ದರಿಂದ ಅಲ್ಲಿ ಎಣ್ಣೆಯ ಎಂಜಿನ್ ಓಡಿಸುವಂತಿಲ್ಲ. ದೋಣಿಯ ಹಿಂಬದಿಗೆ ಕಚ್ಚಿಸಿ ನೀರಿನೊಳಗೆ ಇಳಿಬಿಡುವ ಬ್ಯಾಟರಿ ಮೋಟಾರೇ ಗತಿ. ಅಣ್ಣನಿಗಂತೂ ಭುಜದ ಕೀಲು ಸವೆದು ಹುಟ್ಟು ಹಾಕುವ ಶಕ್ತಿಯೇ ಉಳಿದಿರಲಿಲ್ಲ. ಅಂಥ ಮೋಟಾರು ನಿಂತು ಮೂರು ದಿನವಾಗಿತ್ತು.

ಸುದ್ದಿ ತಂದವಳು ಅತ್ತಿಗೆ. ಬಿಸಿಲಲ್ಲಿ ಓಡಿಬಂದು ಅಂಗಡಿ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಳು.

"ನೋಡಮ್ಮ, ಅವರಾಗಿ ಬಂದು ಕೇಳೋ ಪೈಕಿ ಅಲ್ಲ. ಮೋಟಾರು ಮಾರಿದ ಅಂಗಡಿಯ ಮೆಕ್ಯಾನಿಕ್ ಬಂದು, ಒಳಗೆ ಸುಟ್ಟುಹೋಗಿದೆ ಅಂತ ಚೀಟಿ ಬರೆದು ಆಫೀಸಿಗೆ ಕೊಟ್ಟು ಹೋದ. ಇವತ್ತು ಮೂರು ಗಂಟೆಗೆ ಜಲಾಶಯದ ಸೂಪರ್‌ವೈಸರ್ ತಪಾಸಣೆ. ಪ್ರತಿ ದೋಣಿನೂ ಮೋಟಾರಲ್ಲೇ ಆಚೆ ದಡ ಮುಟ್ಟಿ ಬರಬೇಕು. ಬರದಿದ್ರೆ ದೋಣಿ ಬಿಡೋರ ಪಟ್ಟಿಯಿಂದ ಹೆಸರು ತೆಗೀತಾರೆ. ಆ ಜಾಗಕ್ಕೆ ಕಾದು ಕೂತವರಿದ್ದಾರೆ. ನೀರು ಬಿಟ್ರೆ ಈ ಮನುಷ್ಯ ಬದುಕೋದಿಲ್ಲ ಕಣಮ್ಮ."

ವೈಂಡಿಂಗಕ್ಕ ಸೀಮೆಸುಣ್ಣದಿಂದ ಗೋಡೆಯ ಮೇಲೆ 'ಇನ್ನೂರ ಹದಿಮೂರು' ಎಂದು ಬರೆದು ಚೀಲ ಹೆಗಲಿಗೆ ಹಾಕಿದಳು. ಎಣಿಕೆಯನ್ನು ಅರ್ಧಕ್ಕೇ ಬಿಟ್ಟು ಅವಳು ಎದ್ದದ್ದು ಅದೇ ಮೊದಲು.

ದೋಣಿಕಟ್ಟೆ ತಲುಪಿದಾಗ ಒಂದೂಕಾಲು. ಅಣ್ಣನ ದೋಣಿಯನ್ನು ಹುಡುಕಬೇಕಾಗಿಯೇ ಇರಲಿಲ್ಲ. ತಪಾಸಣೆಗೆ ಮುಂಚೆ ದೋಣಿಗೆ ಬಣ್ಣ ಹೊಡೆಯುವುದು ಅಲ್ಲಿ ಎಲ್ಲರಿಗೂ ರೂಢಿ, ಅಣ್ಣನಿಗೆ ಹುಚ್ಚು. ಮೈಯೆಲ್ಲ ನೀಲಿ, ಅಂಚಿಗೆ ಬೆರಳಗಲ ಹಳದಿ. ಕೂರುವ ಹಲಗೆ, ನೀರು ಚೆಲ್ಲುವ ಬಕೆಟ್ಟು, ಬ್ಯಾಟರಿಯ ಪೆಟ್ಟಿಗೆ ಎಲ್ಲಕ್ಕೂ ಅದೇ ನೀಲಿ. ಸುಮ್ಮನೆ ನಿಂತರೆ ಅವನ ಹೆಂಡತಿಗೂ ಒಂದು ಕೈ ಬಳಿದಾನೆಂದು ಜೊತೆಯ ದೋಣಿಯವರು ನಗುತ್ತಿದ್ದರು.

ತಂಗಿಯನ್ನು ಕಂಡು ಅಣ್ಣ ಮುಖ ಗಂಟಿಕ್ಕಿದ. "ನಿನ್ನನ್ಯಾರು ಕರೆದ್ರು? ಇದು ಫ್ಯಾನಲ್ಲ."

"ಗೊತ್ತು ಬಿಡು. ಸ್ವಲ್ಪ ಆ ಕಡೆ ಸರಿ."

ಮೊದಲು ನೀರು ತಳ್ಳುವ ಪಂಖದ ನಟ್ಟು ಬಿಚ್ಚಿದಳು. ಅದರ ಹಿಂದೆ ಗಾಳದ ದಾರ ಸುತ್ತಿಕೊಂಡಿದ್ದರೆ ಮೋಟಾರು ತಿರುಗದು. ಗೇಣುದ್ದದ ಒಂದು ತುಂಡು ಸಿಕ್ಕಿತು. ತೆಗೆದು ನಟ್ಟು ಮತ್ತೆ ಬಿಗಿದಳು, ಪಂಖ ಕೈಯಲ್ಲಿ ಸಲೀಸಾಗಿ ತಿರುಗಿತು, ಸ್ವಿಚ್ ತಿರುವಿದರೆ ಮಾತ್ರ ಉಸಿರಿಲ್ಲ. ಫ್ಯೂಸು ಸರಿಯಿತ್ತು. ಕರೆಂಟು ಅಳೆಯುವ ಮೀಟರಿನ ಎರಡು ಮುಳ್ಳುಕಡ್ಡಿಗಳನ್ನು ಬ್ಯಾಟರಿಯಲ್ಲಿ ವೈರು ಬಿಗಿಯುವ ಮೊಳೆಗಳಿಗೆ ಮುಟ್ಟಿಸಿದಳು, ಹನ್ನೆರಡೂವರೆ ವೋಲ್ಟ್ ತೋರಿಸಿತು.

"ಅದೆಲ್ಲ ಆ ಮೆಕ್ಯಾನಿಕ್ಕೂ ನೋಡಿದ," ಎಂದ ಅಣ್ಣ ಮೂಗು ಮುರಿದು.

ಹಾಗಾದರೆ ಹಿಡಿಕೆಯೊಳಗಿನ ಸ್ವಿಚ್ಚೇ ಕಳ್ಳ ಎಂದು ವೈಂಡಿಂಗಕ್ಕ ತೀರ್ಮಾನಿಸಿದಳು. ತಪ್ಪಿದ್ದು ಅಲ್ಲಿ. ಹಿಡಿಕೆ ಬಿಚ್ಚಿ, ತುಕ್ಕು ಹಿಡಿದ ಸ್ಕ್ರೂಗಳ ಜೊತೆ ಗುದ್ದಾಡಿ, ಸ್ವಿಚ್ಚನ್ನು ಬಿಟ್ಟು ನೇರವಾಗಿ ವೈರು ಸೇರಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಮಣ್ಣುಪಾಲು. ಆಗಲೂ ಮೋಟಾರು ಮಿಸುಕಲಿಲ್ಲ. ಕಟ್ಟೆಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಅಣ್ಣ ನಗಲಿಲ್ಲ, ಬೈಯಲೂ ಇಲ್ಲ. ಆಚೆ ದಡವನ್ನೇ ನೋಡುತ್ತ ನಿಂತ.

ಚೀಲದಿಂದ ತನ್ನದೇ ಎರಡು ದಪ್ಪ ಕೇಬಲ್ ತೆಗೆದಳು. ಎರಡರದೂ ಒಂದು ತುದಿ ಬ್ಯಾಟರಿಯ ಮೊಳೆಗೆ, ಇನ್ನೊಂದು ತುದಿ ಹಿಡಿಕೆಯೊಳಗೆ ಮೋಟಾರಿನಿಂದ ಬಂದ ವೈರಿಗೆ ಕಚ್ಚಿಸಿದಳು. ಗುರ್ರೆಂದು ಸದ್ದಾಗಿ ದೋಣಿ ಮುಂದಕ್ಕೆ ಚಿಮ್ಮಿತು, ನಿಂತಿದ್ದ ಅಣ್ಣ ಹಲಗೆಯ ಮೇಲೆ ಕುಕ್ಕರಿಸಿದ.

"ಸುಟ್ಟಿಲ್ಲ," ಎಂದಳು ವೈಂಡಿಂಗಕ್ಕ. "ಮೋಟಾರು ಗುಂಡುಕಲ್ಲಿನ ಹಾಗಿದೆ. ಕರೆಂಟು ದಾರಿಯಲ್ಲೇ ಎಲ್ಲೋ ನಿಲ್ತಾ ಇದೆ."

ಸುಮ್ಮನೆ ಕೂತ ಬ್ಯಾಟರಿಯನ್ನು ಅಳೆದರೆ ಅದು ಚೆನ್ನಾಗಿಯೇ ಕಾಣುತ್ತದೆ. ಕೆಲಸಕ್ಕೆ ಹಚ್ಚಿ ಅಳೆಯಬೇಕು. ಅವಳು ತನ್ನ ಕೇಬಲ್ ತೆಗೆದು, ವೈರುಗಳನ್ನು ಮತ್ತೆ ಸ್ವಿಚ್ಚಿಗೆ ಸೇರಿಸಿ, ಅಣ್ಣನ ಕೈಲಿ ಅದನ್ನು ಹಾಕಿಸಿ, ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೊಳೆಗೂ ಇನ್ನೊಂದನ್ನು ಅದೇ ಮೊಳೆಗೆ ಬಿಗಿದಿದ್ದ ವೈರಿನ ತುದಿಯ ತಾಮ್ರದ ಬಳೆಗೂ ಚುಚ್ಚಿ ಒತ್ತಿದಳು. ಒಂದಕ್ಕೊಂದು ಅಂಟಿಕೊಂಡ ಎರಡು ಲೋಹ, ಅಲ್ಲಿ ಸೊನ್ನೆ ಬರಬೇಕು. ಹನ್ನೆರಡು ಬಂತು.

ನಟ್ಟು ಬಿಚ್ಚಿ ಬಳೆಯನ್ನು ಎತ್ತಿ ನೋಡಿದಳು. ಮೇಲೂ ಕೆಳಗೂ ಒಳಗೂ, ಒಂದು ಕೂದಲೆಳೆಯಷ್ಟು ಜಾಗ ಬಿಡದೆ, ನುಣ್ಣನೆಯ ನೀಲಿ. ಎರಡನೆಯದಕ್ಕೂ ಬಳಿದಿತ್ತು, ನಟ್ಟು ಬಿಗಿದಲ್ಲಿ ಮಾತ್ರ ಬಣ್ಣ ಕೆರೆದು ಚೂರು ತಾಮ್ರ ಇಣುಕುತ್ತಿತ್ತು. ವೈರುಗಳನ್ನು ಬಿಚ್ಚಿ, ಬಣ್ಣ ಬಳಿದು, ಒಣಗಲು ತೂಗುಹಾಕಿ, ಶ್ರದ್ಧೆಯಿಂದ ಮತ್ತೆ ಬಿಗಿದ ಕೆಲಸ. ಬಣ್ಣದ ಪೊರೆ ದಾಟಿ ಕರೆಂಟು ಹೋಗುವುದುಂಟೆ?

ಅವಳು ಅಣ್ಣನಿಗೆ ಅದನ್ನು ಅಂಗೈ ಮರೆಯಲ್ಲಿ ತೋರಿಸಿದಳು. ಅಣ್ಣ ನೋಡಿದ. ಕಿವಿಯವರೆಗೆ ಕೆಂಪೇರಿದ.

"ತುಕ್ಕು ಹಿಡೀಬಾರದು ಅಂತ..." ಎಂದ, ಬಹಳ ಮೆಲ್ಲಗೆ.

"ಇರ್ಲಿ ಬಿಡಣ್ಣ. ಸುಮ್ನಿರು."

ಉಪ್ಪುಕಾಗದ ತೆಗೆದು ಉಜ್ಜಿದಳು. ತಾಮ್ರ ಕೆಂಪಗೆ ಹೊಳೆಯುವವರೆಗೆ ಉಜ್ಜಿ, ಬಿಗಿದು, ಹಿಡಿಕೆ ಮುಚ್ಚುವಾಗ ಸೂಪರ್‌ವೈಸರರ ಜೀಪು ಬಂದು ನಿಂತಿತು. ಅಣ್ಣ ಸ್ವಿಚ್ ತಿರುವಿದ. ನೀಲಿ ದೋಣಿ ಕಟ್ಟೆ ಬಿಟ್ಟು ನೆಟ್ಟಗೆ ಆಚೆ ದಡಕ್ಕೆ ಹೋಯಿತು, ತಿರುಗಿತು, ನೆಟ್ಟಗೆ ಬಂತು. ಅಷ್ಟು ಹೊತ್ತೂ ವೈಂಡಿಂಗಕ್ಕ ಕೈಗಳನ್ನು ಸೆರಗಿನಲ್ಲಿ ಒರೆಸುತ್ತಲೇ ಇದ್ದಳು, ಒರೆಸಲು ಅಲ್ಲೇನೂ ಉಳಿದಿರಲಿಲ್ಲ.

ಸೂಪರ್‌ವೈಸರ್ ಕಾಗದ ತಿರುವಿ ಹುಬ್ಬು ಗಂಟಿಕ್ಕಿದರು. "ಮೋಟಾರು ಸುಟ್ಟಿದೆ ಅಂತ ಇಲ್ಲಿ ಚೀಟಿ ಇದೆಯಲ್ಲ. ಏನು ದೋಷ ಇತ್ತು, ಯಾರು ಸರಿ ಮಾಡಿದ್ರು, ಬರೀಬೇಕು. ಇಲ್ಲದಿದ್ರೆ ಪಟ್ಟಿಗೆ ಸೇರಿಸೋಕಾಗಲ್ಲ."

ದೋಣಿಯವರೆಲ್ಲ ಸುತ್ತ ಸೇರಿದ್ದರು. ಇಷ್ಟು ಜನರೆದುರು ಅಣ್ಣ ನಗೆಪಾಟಲಾಗುವುದು ವೈಂಡಿಂಗಕ್ಕನಿಗೆ ಬೇಕಿರಲಿಲ್ಲ. "ಕನೆಕ್ಷನ್ ಕೂಡ್ತಾ ಇರ್ಲಿಲ್ಲ ಅಂತ ಬರೀರಿ ಸಾರ್," ಎಂದಳು. ಸುಳ್ಳೇನೂ ಅಲ್ಲ.

"ಅಷ್ಟೇ ಅಲ್ಲ ಸಾರ್." ದೋಣಿಯೊಳಗಿಂದಲೇ ಅಣ್ಣನ ದನಿ ಬಂತು. "ವೈರ್ ಕೂರೋ ಜಾಗಕ್ಕೆಲ್ಲ ಬಣ್ಣ ಬಳಿದ ಪುಣ್ಯಾತ್ಮ ನಾನು. ಹಾಗೇ ಬರ್ಕೊಳ್ಳಿ."

ಕಟ್ಟೆಯ ಮೇಲೆ ನಗೆ ಎದ್ದಿತು. ಅಣ್ಣ ಅದು ತೀರುವ ತನಕ ಕಾದ.

"ಚೀಟಿ ಕೊಟ್ಟ ಮೆಕ್ಯಾನಿಕ್ಕಿಗೆ ಕಾಣ್ಲಿಲ್ಲ, ಮೂವತ್ತು ವರ್ಷ ದೋಣಿ ಬಿಟ್ಟ ನನಗೂ ಕಾಣ್ಲಿಲ್ಲ. ಇವಳಿಗೆ ಕಾಣ್ತು. ನನ್ನ ತಂಗಿ ಸಾರ್. ಮೆಕ್ಯಾನಿಕ್ ಅಂತ ಇರೋ ಕಡೆ ಇವಳ ಕೈಲೇ ಸಹಿ ಹಾಕಿಸಿ."

ಈ ಸಲ ಯಾರೂ ನಗಲಿಲ್ಲ. ಸೂಪರ್‌ವೈಸರ್ ಪೆನ್ನು ಚಾಚಿದರು. ವೈಂಡಿಂಗಕ್ಕನಿಗೆ ಎದೆ ತುಂಬಿ ಬಂದು, ಒಂದು ಕ್ಷಣ ಅಕ್ಷರಗಳೇ ಮಂಜಾದವು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಹೆಮ್ಮೆ ಅವಳಿಗೆ ಎಂದೂ ಆಗಿರಲಿಲ್ಲ. ಕಾಗದವನ್ನು ಬ್ಯಾಟರಿ ಪೆಟ್ಟಿಗೆಯ ಮೇಲಿಟ್ಟು, ಸಹಿಯ ಬದಲು ತನ್ನ ಪೂರ್ತಿ ಹೆಸರನ್ನೇ ಬರೆದಳು. ಅಣ್ಣ ಪಕ್ಕದಲ್ಲಿ ಬಗ್ಗಿ ನಿಂತು, ಎಲ್ಲರಿಗೂ ಕೇಳುವ ಹಾಗೆ, ಅದನ್ನು ಒಂದೊಂದೇ ಅಕ್ಷರ ಓದಿದ.