ಕಾರ್ಗಿಲ್‌ಗೆ ಹೋದ ಜಾಡಿ

ಗೌನಿಪಲ್ಲಿಯಲ್ಲಿ ಭಾರತಮ್ಮನ ಕೈರುಚಿಯ ಬಗ್ಗೆ ಎರಡು ಮಾತಿಲ್ಲ. ಮಾವಿನಕಾಯಿ ಉಪ್ಪಿನಕಾಯಿ ಎಂದರೆ ಅವಳೇ ಕಲಸಬೇಕು. ಮದುವೆ ಇಟ್ಟುಕೊಂಡವರು ಬೇಸಿಗೆಯಲ್ಲೇ ಬಂದು ಹೇಳಿಟ್ಟು ಹೋಗುತ್ತಾರೆ. ಆದರೆ ಅವಳ ಮುಂದೆ ಕಾರ್ಗಿಲ್‌ಗೆ ಹೋದ ಜಾಡಿಯ ಮಾತೆತ್ತಿದರೆ ಸಾಕು, ಒಲೆ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಊರಿನವರು ಅದನ್ನು ಸಂಕೋಚ ಎಂದುಕೊಂಡರು. ಊರಿನವರು ಅಂದುಕೊಂಡದ್ದೆಲ್ಲ ನಿಜವಾಗಿದ್ದರೆ ಕಥೆ ಹೇಳುವವರಿಗೆ ಕೆಲಸವೇ ಇರುತ್ತಿರಲಿಲ್ಲ.

ಅದು ತೊಂಬತ್ತೊಂಬತ್ತರ ಜೂನ್. ರಜೆಗೆ ಬಂದಿದ್ದ ಸಿಪಾಯಿ ಕದಿರೇಶನಿಗೆ ಕೂಡಲೇ ಹೊರಟು ಬಾ ಎಂದು ತಂತಿ ಬಂತು. ಯುದ್ಧಕ್ಕೆ ಹೊರಟ ಮಗನನ್ನು ಬರಿಗೈಯಲ್ಲಿ ಕಳಿಸಲು ಊರಿಗೆ ಮನಸ್ಸಾಗಲಿಲ್ಲ. ಒಂದು ಮನೆಯಿಂದ ಕಾಯಿ ಬಂತು, ಇನ್ನೊಂದು ಮನೆಯಿಂದ ಎಣ್ಣೆ, ಮತ್ತೊಂದು ಮನೆಯಿಂದ ಸಾಸಿವೆ, ಮೆಣಸಿನಪುಡಿ. ಕಲಸುವ ಕೆಲಸ ಭಾರತಮ್ಮನದು. ಮಧ್ಯಾಹ್ನದ ಬಸ್ಸಿಗೆ ಕದಿರೇಶ ಹೊರಡಬೇಕು. ಮೊಣಕೈವರೆಗೆ ಖಾರ ಮೆತ್ತಿಕೊಂಡು ಕೂತಿದ್ದಾಗಲೇ ಅವಳು ಹೊರಗಾದಳು.

ಮುಟ್ಟಾದ ಹೆಂಗಸಿನ ಕೈ ತಾಗಿದರೆ ಉಪ್ಪಿನಕಾಯಿ ಕೆಡುತ್ತದೆ ಎನ್ನುವುದು ಅವಳ ಅತ್ತೆ ದೊಡ್ಡಗಂಗಮ್ಮನ ಪಾಲಿಗೆ ವೇದವಾಕ್ಯ. ಬಾಯಿಬಿಟ್ಟರೆ ಅಷ್ಟೂ ತಿಪ್ಪೆಗೆ. ಕಾಯಿ ಊರಿನವರದು, ಎಣ್ಣೆ ಊರಿನವರದು, ಮತ್ತೊಮ್ಮೆ ಕಲಸಲು ಹೊತ್ತಿಲ್ಲ. ಭಾರತಮ್ಮ ಬಾಯಿಗೆ ಬೀಗ ಹಾಕಿಕೊಂಡು ಕಲಸಿ ಮುಗಿಸಿದಳು. ಅಂಚಿನಲ್ಲಿ ಚಕ್ಕೆ ಎದ್ದಿದ್ದ ತನ್ನ ಜಾಡಿಗೆ ತುಂಬಿ, ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿ ಕೊಟ್ಟಳು. ಬಸ್ಸು ಹೊರಟಾಗ ಎಲ್ಲರೂ ಕೈಬೀಸಿದರು, ಅವಳಿಗೆ ಕೈ ಏಳಲಿಲ್ಲ.

ಯುದ್ಧ ಮುಗಿದು ಕದಿರೇಶ ಊರಿಗೆ ಬಂದ. ಉಪ್ಪಿನಕಾಯಿ ಹೇಗಿತ್ತೋ ಎಂದು ಕೇಳಿದವರಿಗೆ ಚೆನ್ನಾಗಿತ್ತು ಅಂದ. ಹಾಗನ್ನದೆ ಇನ್ನೇನಂದಾನು? ಭಾರತಮ್ಮ ಇನ್ನೊಂದು ಜಾಡಿ ತುಂಬಿಕೊಂಡು ಹೋದಾಗ ಮಾತ್ರ "ಬೇಡಕ್ಕಾ" ಎಂದು ಮುಖ ತಿರುಗಿಸಿದ. ಅವತ್ತು ಅವಳಿಗೆ ಖಾತ್ರಿಯಾಯಿತು, ಕೆಟ್ಟಿತ್ತು. ಹಿಮದಲ್ಲಿ ಕೂತ ಮಕ್ಕಳು ಊರನ್ನು ನಂಬಿ ತಿಂದು ಹೊಟ್ಟೆ ಹಿಡಿದುಕೊಂಡು ನರಳಿರಬೇಕು, ಇವನು ಊರಿನ ಮಾನ ಉಳಿಸಲು ಸುಮ್ಮನಿದ್ದಾನೆ. ಕೇಳಿಬಿಡೋಣವೆಂದರೆ ಧೈರ್ಯ ಸಾಲಲಿಲ್ಲ.

ಅಲ್ಲಿಂದಾಚೆಗೆ ಮುಟ್ಟಾದವರು ಉಪ್ಪಿನಕಾಯಿಗೆ ಕೈಹಾಕಬಾರದೆಂಬ ನೇಮವನ್ನು ಅತ್ತೆಗಿಂತ ಬಿಗಿಯಾಗಿ ಹಿಡಿದವಳು ಅವಳೇ. ಅತ್ತೆ ತೀರಿಕೊಂಡರು, ಸೊಸೆ ಶ್ವೇತ ಬಂದಳು, ಮೂರು ದಿನ ಹೊರಗೆ ಕೂರುವುದು ಈ ಮನೆಯಲ್ಲಿ ನಿಂತೇಹೋಯಿತು. ಉಪ್ಪಿನಕಾಯಿಯ ನೇಮ ಮಾತ್ರ ನಿಲ್ಲಲಿಲ್ಲ. "ಜಾಡಿಗೇನು ಗೊತ್ತಾಗುತ್ತೆ ಅತ್ತೆ?" ಎಂದು ಶ್ವೇತ ನಕ್ಕರೆ, "ನಿಂಗೇನೇ ಗೊತ್ತು, ಸುಮ್ನಿರು" ಎಂದು ಗದರುತ್ತಿದ್ದಳು.

ಈಗ ಕದಿರೇಶ ನಿವೃತ್ತ ಹವಾಲ್ದಾರ. ಅವನೂ ಅವನಂಥ ಕೆಲವರೂ ಸೇರಿ ಶ್ರೀನಿವಾಸಪುರದ ಹಳೆಯ ಕಟ್ಟಡವೊಂದರಲ್ಲಿ ಸೈನಿಕರ ಮ್ಯೂಸಿಯಂ ಮಾಡಿದ್ದಾರೆ. ಪದಕ, ಸಮವಸ್ತ್ರಗಳಷ್ಟೇ ಇದ್ದರೆ ಸಾಲದು, ಊರುಗಳು ತಮ್ಮ ಮಕ್ಕಳ ಕೈಗೆ ಕೊಟ್ಟು ಕಳಿಸಿದ್ದೂ ಇರಬೇಕು ಎಂದು ಅವರ ಹಟ. ಕಂಬಳಿ ಇದೆ, ತಾಯತ ಇದೆ. ಪ್ರತಿ ವರ್ಷ ಕಾರ್ಗಿಲ್ ವಿಜಯ ದಿವಸದಂದು ಅದರಲ್ಲೊಂದನ್ನು ಮುಂದಿಟ್ಟು, ಕೊಟ್ಟವರನ್ನು ಎದುರಿಗೆ ಕೂರಿಸಿಕೊಂಡು ಅದರ ಕಥೆ ಹೇಳುತ್ತಾರೆ. ಈ ಸಲ ಕದಿರೇಶ ಮನೆಗೇ ಬಂದ. "ಭಾರತಕ್ಕ, ಈ ವರ್ಷ ನಿಮ್ಮ ಜಾಡಿ, ಇನ್ನೂ ಜೋಪಾನವಾಗಿ ಇಟ್ಕೊಂಡಿದೀನಿ. ನೀವು ಬರ್ಲೇಬೇಕು."

ಭಾರತಮ್ಮ ನೆವ ಹುಡುಕಿದಳು. ಮಂಡಿನೋವು ಅಂದಳು, ಹಸು ಇವತ್ತೋ ನಾಳೆಯೋ ಈಯುತ್ತದೆ ಅಂದಳು. ಶ್ವೇತ ಕೇಳಬೇಕಲ್ಲ! ಆ ದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಡಿಸಿ, ಬಸ್ಸು ಹತ್ತಿಸಿ, ಪಕ್ಕದಲ್ಲೇ ಕೂತಳು.

ಗಾಜಿನ ಪೆಟ್ಟಿಗೆಯಲ್ಲಿ ಜಾಡಿ ಇತ್ತು. ಅಂಚಿನಲ್ಲಿ ಅದೇ ಚಕ್ಕೆ ಎದ್ದ ಗುರುತು, ಪಕ್ಕದಲ್ಲಿ ಮಡಿಸಿಟ್ಟ ಅದೇ ಸೀರೆಯ ತುಂಡು. ಸ್ಕೂಲು ಮಕ್ಕಳು ನೆಲದ ಮೇಲೆ, ದೊಡ್ಡವರು ಕುರ್ಚಿಗಳಲ್ಲಿ. ಎದ್ದು ಹೋಗಲು ಅನುಕೂಲವಾಗಲಿ ಎಂದು ಭಾರತಮ್ಮ ಬಾಗಿಲ ಹತ್ತಿರದ ಕುರ್ಚಿ ಹಿಡಿದಳು.

"ಬೆಟ್ಟದ ಮೇಲಕ್ಕೆ ಬರೋಷ್ಟೊತ್ತಿಗೆ ರೊಟ್ಟಿ ಕಲ್ಲಾಗಿರ್ತಿತ್ತು," ಎಂದು ಕದಿರೇಶ ಶುರುಮಾಡಿದ. "ಈ ಜಾಡಿ ಬಿಚ್ಚಿದ ದಿನ ನಮ್ಮ ಬಂಕರ್‌ನಲ್ಲಿ ಜಗಳಾನೇ ಆಯ್ತು, ಯಾರಿಗೆ ಎಷ್ಟು ಹೋಳು ಅಂತ. ಕೊನೇಗೆ ತಳದ ಎಣ್ಣೇನೂ ರೊಟ್ಟೀಲಿ ಒರಸ್ಕೊಂಡು ತಿಂದ್ವಿ."

ಮಕ್ಕಳು ನಕ್ಕರು. ಕದಿರೇಶ ನಗಲಿಲ್ಲ.

"ಕೊನೇ ಹೋಳು ನನ್ನ ಪಾಲಿಗೆ ಬಂದಿತ್ತು. ನನ್ನ ಜೊತೆಗಾರ ಒಬ್ಬ, ಬಿಹಾರದವನು, ನಂಗೆ ಕೊಡೋ ಅಂದ. ಕೊಟ್ಟೆ. ಬೆರಳು ಚೀಪ್ಕೊಂಡು ತಿಂದ. ಮಾರನೇ ದಿನ ಅವನು ಹೋಗ್ಬಿಟ್ಟ. ಅದಾದ್ಮೇಲೆ ನಂಗೆ ಉಪ್ಪಿನಕಾಯಿ ಗಂಟಲಲ್ಲಿ ಇಳೀಲಿಲ್ಲ. ಭಾರತಕ್ಕ ಮತ್ತೆ ತಂದ್ಕೊಟ್ಟಾಗ ಬೇಡ ಅಂದ್ಬಿಟ್ಟೆ. ಎಷ್ಟು ಬೇಜಾರು ಮಾಡ್ಕೊಂಡ್ರೋ ಏನೋ."

ಭಾರತಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮುಖ ಕಾಣದ ಆ ಮಗನಿಗಾಗಿ ಅಳು ಬಂತು. ಕೊನೆಗೆ ಅವನು ಬೆರಳು ಚೀಪಿದ್ದು ತಾನು ಕಲಸಿದ್ದನ್ನು, ಅದು ಕೆಟ್ಟಿರಲಿಲ್ಲ ಎಂದು ನೆನೆದಾಗ ಎದೆ ಹಗುರಾಯಿತು. ಎರಡೂ ಒಟ್ಟಿಗೇ ಬಂದದ್ದರಿಂದ ಅವಳು ಅತ್ತದ್ದು ಯಾತಕ್ಕೆ ಎಂದು ಪಕ್ಕದಲ್ಲಿದ್ದ ಶ್ವೇತಳಿಗೂ ತಿಳಿಯಲಿಲ್ಲ.

ಜನ ಚದುರಿದ ಮೇಲೆ ಅವಳು ಕದಿರೇಶನ ಹತ್ತಿರ ಹೋದಳು. "ನಿಜ ಹೇಳಪ್ಪಾ, ಒಂಚೂರೂ ಕೆಟ್ಟಿರ್ಲಿಲ್ವಾ?"

"ಕೆಟ್ಟಿದ್ರೆ ಜಗಳ ಯಾಕ್ ಆಗ್ತಿತ್ತಕ್ಕಾ?"

ಮನೆಗೆ ಬಂದಾಗ ಭಾರತಮ್ಮನಿಗೆ ಎಷ್ಟೋ ವರ್ಷದಿಂದ ಆಗದಂಥ ಹಸಿವು. ಶ್ವೇತ ಬಿಸಿ ಮುದ್ದೆ ತಟ್ಟೆಗೆ ಹಾಕಿ, ಸಾರು ಬಿಟ್ಟು, ಅಡುಗೆಮನೆಯ ಮೂಲೆಯಲ್ಲಿದ್ದ ಈ ವರ್ಷದ ಹೊಸ ಜಾಡಿಯ ಕಡೆ ನೋಡಿದಳು.

"ಉಪ್ಪಿನಕಾಯಿ ನೀವೇ ತಗೊಳ್ಳಿ ಅತ್ತೆ. ನಾನು ಇವತ್ತು..."

"ನೀನೇ ತೆಗಿ," ಅಂದಳು ಭಾರತಮ್ಮ, ತಟ್ಟೆಯಿಂದ ತಲೆ ಎತ್ತದೆ.

ಶ್ವೇತ ಅತ್ತೆಯ ಕಡೆ ಒಮ್ಮೆ ನೋಡಿ, ಸೌಟಿಗೆ ಕೈ ಹಾಕಿದಳು.

"ಸೌಟು ಒಣಗಿರ್ಲಿ, ಅಷ್ಟೇ."