ಹವಾಲ್ದಾರರ ಗಿಟಾರು, ನರ್ಸಮ್ಮನ ನಿದ್ದೆ

1983ರ ಹೊತ್ತಿಗೆ ಪುತ್ತೂರು ಪೇಟೆಯಲ್ಲಿ ನನ್ನ ರೇಡಿಯೋ ರಿಪೇರಿ ಅಂಗಡಿಗೆ ಹತ್ತು ವರ್ಷ ತುಂಬಿತ್ತು. ಜವುಳಿ ಅಂಗಡಿಯೊಂದರ ಮೇಲೆ, ಹಲಗೆ ಹಾಸಿದ ಮಾಳಿಗೆಯಲ್ಲಿ ಒಂದು ಮೇಜು, ಒಂದು ಮೀಟರ್, ಎರಡು ಸೋಲ್ಡರಿಂಗ್ ಐರನ್. ಗದ್ದೆ ನೋಡಿಕೊಳ್ಳಬೇಕಾದ ರೈಗಳ ಮನೆಯ ಹುಡುಗ ಊರವರ ರೇಡಿಯೋದ ಧೂಳು ಹೊಡೆಯುತ್ತಾನೆ ಎಂದು ನಮ್ಮ ಮಾವಂದಿರು ಮೂಗು ಮುರಿಯುತ್ತಿದ್ದರು. ಅವರ ಮನೆಯ ರೇಡಿಯೋ ಕೆಟ್ಟಾಗ ಮಾತ್ರ ನನ್ನ ನೆನಪು ಚೆನ್ನಾಗಿ ಆಗುತ್ತಿತ್ತು. ನನಗೂ ಕೆಲಸದ ಬಗ್ಗೆ ಸ್ವಲ್ಪ ಜಂಬವೇ ಇತ್ತು. ಆ ವರ್ಷದ ಮಳೆಗಾಲದಲ್ಲಿ ಅದು ಇಳಿಯಿತು.

ಜೂನ್ ತಿಂಗಳ ಒಂದು ಬೆಳಿಗ್ಗೆ ಬೆಳ್ಯಪ್ಪ ಗೌಡರು ಬಂದರು. ಮೂಲ ಸುಳ್ಯದ ಕಡೆಯವರು, ಮನೆಮಾತು ಅರೆಭಾಷೆ. ಹದಿನೇಳು ವರ್ಷ ಸೈನ್ಯದ ಬ್ಯಾಂಡಿನಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಕೈಯಲ್ಲಿ ಕಂಬಳಿ ಸುತ್ತಿದ ಉದ್ದನೆಯ ಗಂಟು. ಬಿಚ್ಚಿದರೆ ಎಲೆಕ್ಟ್ರಿಕ್ ಗಿಟಾರು. ಆಫೀಸರ್ ಮೆಸ್ಸಿನ ಪಾರ್ಟಿಗಳಲ್ಲಿ ಅದನ್ನು ಬಾರಿಸುತ್ತಿದ್ದರಂತೆ.

ಅವರ ಸಮಸ್ಯೆ ಹೀಗಿತ್ತು. ಹೆಂಡತಿ ಕಮಲಾಕ್ಷಿ ಕಡಬದ ಆಚೆಯ ಹಳ್ಳಿಯೊಂದರಲ್ಲಿ ಹೆರಿಗೆ ಮಾಡಿಸುವ ಸರ್ಕಾರಿ ನರ್ಸ್. ಹೆರಿಗೆಗಳಿಗೆ ಹೊತ್ತುಗೊತ್ತು ಇಲ್ಲ, ಹೆಚ್ಚಿನವು ರಾತ್ರಿಯೇ. ಹಾಗಾಗಿ ನರ್ಸಮ್ಮನ ನಿದ್ದೆಯೆಲ್ಲ ಹಗಲು. ಇತ್ತ ಮಂಗಳೂರಿನ ಒಂದು ಆರ್ಕೆಸ್ಟ್ರಾದವರು ಹವಾಲ್ದಾರರ ಬಾರಿಸುವಿಕೆ ಕೇಳಿ, ಕೈ ಒರಟಾಗಿದೆ, ಮೂರು ತಿಂಗಳು ಬಿಟ್ಟು ಬನ್ನಿ ಎಂದಿದ್ದರು. ಆಗಲೂ ಬೇಡವೆಂದರೆ ಬೊಂಬಾಯಿಯಲ್ಲಿ ವಾಚ್‌ಮನ್ ಕೆಲಸ ಕಾದಿತ್ತು. ಹದಿನೇಳು ವರ್ಷ ದೂರವೇ ಇದ್ದ ಗಂಡಹೆಂಡಿರು ಪುನಃ ದೂರವಾಗುವುದು ಇಬ್ಬರಿಗೂ ಬೇಡವಾಗಿತ್ತು.

“ರೈಗಳೇ, ನನಗೆ ಕೇಳಬೇಕು, ಮನೆಯವಳಿಗೆ ಕೇಳಬಾರದು. ಅಂಥದ್ದು ಎಂತಾದರೂ ಉಂಟಾ?” ಎಂದರು.

ಆಂಪ್ಲಿಫೈಯರ್ ಇಲ್ಲದೆ ಬಾರಿಸಿದರೆ ಆಗದೇ ಎಂದು ಕೇಳಿದೆ. ಎಲೆಕ್ಟ್ರಿಕ್ ಗಿಟಾರಿನ ಮೈ ಟೊಳ್ಳಲ್ಲ, ಗಟ್ಟಿ ಮರ. ತಂತಿಯ ಕೆಳಗಿರುವ ಪಿಕಪ್ ಎಂಬ ಸುರುಳಿ ಅದರ ಅಲುಗಾಟವನ್ನು ವಿದ್ಯುತ್ತಾಗಿ ಆಂಪ್ಲಿಫೈಯರಿಗೆ ಕಳಿಸಬೇಕು. ಹಾಗೇ ಬಾರಿಸಿದರೆ ಬರುವುದು ಬರೀ ಸಣ್ಣ ಕಿಣಿಕಿಣಿ.

“ಅದೇ ಆದದ್ದು ಮಾರಾಯ್ರೆ. ಕೇಳುದಿಲ್ಲ ಅಂತ ಎರಡು ತಿಂಗಳು ಗಟ್ಟಿ ಗಟ್ಟಿ ಮೀಟಿದೆ. ಕೈ ಹಾಳಾಯ್ತು.”

ಹೆಡ್‌ಫೋನ್ ಒಂದೇ ದಾರಿ ಎಂದು ಇಬ್ಬರಿಗೂ ಅರ್ಥವಾಯಿತು. ಹೆಡ್‌ಫೋನಿಗೆ ಶಬ್ದ ಕೊಡುವ ಪೆಟ್ಟಿಗೆ ಯಾವುದು ಎಂಬುದಷ್ಟೇ ಪ್ರಶ್ನೆ. ಅವರ ಮನೆಯಲ್ಲಿ ಹಳೆಯ ವಾಲ್ವ್ ರೇಡಿಯೋ ಇತ್ತು. ಅದರ ಬೆನ್ನಿಗೆ ಗ್ರಾಮಫೋನ್ ಜೋಡಿಸಲೆಂದು ಬಿಟ್ಟ ಎರಡು ತೂತುಗಳಿರುತ್ತವೆ. ಗಿಟಾರನ್ನು ಅಲ್ಲಿಗೆ ಕೊಟ್ಟು, ಸ್ಪೀಕರಿನ ಬದಲು ಹೆಡ್‌ಫೋನ್ ಹಾಕಿದರೆ ಮುಗಿಯಿತು ಎಂದುಕೊಂಡೆ. ಮರುದಿನವೇ ಅವರು ರೇಡಿಯೋವನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದರು.

ಅದು ಎಸಿ-ಡಿಸಿ ಸೆಟ್. ಅಂಥ ಸೆಟ್ಟುಗಳಲ್ಲಿ ಕರೆಂಟನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಮನೆಯ ಕರೆಂಟಿನ ಒಂದು ವಯರ್ ನೇರವಾಗಿ ಒಳಗಿನ ಲೋಹದ ತಟ್ಟೆಗೆ, ಅಂದರೆ ಚಾಸಿಗೆ ಸೇರಿರುತ್ತದೆ. ಹೊರಗಿನ ತೂತಿಗೂ ಚಾಸಿಗೂ ನಡುವೆ ಕಾವಲಿಗೆ ಒಂದು ಸಣ್ಣ ಕಂಡೆನ್ಸರ್ ಇಡುತ್ತಾರೆ. ಅದಿದ್ದರೆ ಹೆಡ್‌ಫೋನಿನಲ್ಲಿ ‘ಹೂಂ’ ಎಂಬ ಗುಂಯ್‌ಗುಡುವಿಕೆ ಬರುತ್ತಿತ್ತು. ನಾನು ಅದನ್ನು ಕಿತ್ತು ನೇರ ವಯರ್ ಎಳೆದೆ. ಗುಂಯ್‌ಗುಡುವುದು ನಿಂತಿತು. ಚಾಸಿಗೆ ತಣ್ಣನೆಯ ವಯರೇ, ಅಂದರೆ ಮುಟ್ಟಿದರೆ ಹೊಡೆಯದ ನ್ಯೂಟ್ರಲ್ಲೇ ಬರಲಿ ಎಂದು ಟೂಪಿನ್ ಪ್ಲಗ್ಗಿಗೆ ಕೆಂಪು ಚುಕ್ಕೆ ಇಟ್ಟು, ಚುಕ್ಕೆ ಯಾವಾಗಲೂ ಮೇಲಿರಲಿ ಎಂದು ಹೇಳಿದೆ. ಟೆಸ್ಟರ್ ಇಟ್ಟು ನೋಡಿದೆ, ಬೆಳಗಲಿಲ್ಲ. ಗಿಟಾರಿನ ತಂತಿ ಮುಟ್ಟಿ ನೋಡಿದೆ, ಏನೂ ಇಲ್ಲ. ಹವಾಲ್ದಾರರು ಖುಷಿಯಿಂದ ಹೋದರು. ನಾನೂ ಖುಷಿಯಿಂದ ಚಹಾ ತರಿಸಿ ಕುಡಿದೆ.

ಮೂರನೆಯ ದಿನ ಮಾಳಿಗೆಯ ಮೆಟ್ಟಿಲು ಹತ್ತಿ ಬಂದವರು ನರ್ಸಮ್ಮ. ಬಿಳಿ ಸೀರೆ, ಒಂದು ಕೈಯಲ್ಲಿ ನೀರಿಳಿಯುವ ಕೊಡೆ, ಇನ್ನೊಂದು ಕೈಯಲ್ಲಿ ಆ ರೇಡಿಯೋ. ಅದನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದರು. ಗೌಡರು ಚುಕ್ಕೆ ಮೇಲೆ ಮಾಡಿಯೇ ಪ್ಲಗ್ ಹಾಕಿದ್ದರು. ಆದರೆ ಆ ಮನೆಯ ಸಾಕೆಟ್ಟಿನ ವಯರುಗಳು ಅದಲುಬದಲಾಗಿದ್ದವು, ಹೊಡೆಯುವ ವಯರೇ ಚಾಸಿಗೂ ಅಲ್ಲಿಂದ ಗಿಟಾರಿನ ತಂತಿಗೂ ಬಂದಿತ್ತು. ಗೌಡರು ಬರಿಗಾಲಲ್ಲಿ, ಮಳೆಗೆ ಒಸರು ಬಂದ ನೆಲದ ಮೇಲೆ ಕಾಲಿಟ್ಟು ಕೂತಿದ್ದರು. ತಂತಿ ಮುಟ್ಟಿದ್ದೇ ತಡ, ಗಿಟಾರು ಒಂದು ಕಡೆ, ಗೌಡರು ಒಂದು ಕಡೆ. ಸದ್ದಿಗೆ ಎಚ್ಚರವಾಗಿ ಬಂದ ಇವರು ಮೈನ್ ಸ್ವಿಚ್ ಎಳೆದು, ಗಂಡನ ನಾಡಿ ಹಿಡಿದು ಕೂತಿದ್ದರು.

“ಈಗ ಹೇಗಿದ್ದಾರೆ?” ಎಂದೆ.

“ಅಡ್ಡಿ ಇಲ್ಲ, ಗಂಜಿ ಉಂಡಿದ್ದಾರೆ. ನೀವು ಇದನ್ನು ಎಲ್ಲಿ ನಿಂತು ನೋಡಿದ್ದು?”

“ಇಲ್ಲೇ ನಿಂತು.”

ಅವರು ಬಗ್ಗಿ ಮೇಜಿನ ಕೆಳಗೆ ನೋಡಿದರು. ನೆಲ್ಯಾಡಿಯ ರಬ್ಬರ್ ತೋಟದ ಗಿರಾಕಿಯೊಬ್ಬರು ಕೊಟ್ಟ ದಪ್ಪ ರಬ್ಬರ್ ಶೀಟ್ ಅಲ್ಲಿ ಹಾಸಿತ್ತು. ಕಾಲಡಿಗೆ ರಬ್ಬರ್ ಇಲ್ಲದೆ ಸೆಟ್ ಮುಟ್ಟಬೇಡ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ನಾನು ಹತ್ತು ವರ್ಷ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದೆ. ಕೆಳಗೆ ಒಣ ಹಲಗೆ, ಮೇಲೆ ರಬ್ಬರು, ಅದರ ಮೇಲೆ ಚಪ್ಪಲಿ. ಅಷ್ಟು ಇರುವಾಗ ನನಗೆ ಶಾಕ್ ಎಲ್ಲಿಂದ ಹೊಡೆಯಬೇಕು?

ನರ್ಸಮ್ಮ ದನಿ ಎತ್ತಲಿಲ್ಲ. “ನಾವು ಹೆರಿಗೆಗೆ ಹೋದರೆ ಮೊದಲು ಮನೆ ನೋಡುದು ರೈಗಳೇ. ನೀರು ಎಲ್ಲಿ ಉಂಟು, ಬೆಳಕು ಎಲ್ಲಿಂದ ಬರ್ತದೆ, ಮಲಗುವ ಜಾಗ ಒದ್ದೆ ಉಂಟಾ. ನೀವು ನಮ್ಮ ಮನೆ ನೋಡ್ಲೇ ಇಲ್ಲ.”

ನನಗೆ ನಾಚಿಕೆಯಾಯಿತು. ಒಬ್ಬ ಮನುಷ್ಯನನ್ನು ಕೊಂದುಬಿಡುತ್ತಿದ್ದೆ, ಅದೂ ಒಂದು ಗುಂಯ್ ಸದ್ದು ನಿಲ್ಲಿಸಿದ ಹೆಮ್ಮೆಗಾಗಿ. ಅವರೆದುರೇ ಆ ಕಂಡೆನ್ಸರನ್ನು ಮತ್ತೆ ಬೆಸೆದೆ. ಆ ಸೆಟ್ಟಿಗೆ ಇನ್ನು ಗಿಟಾರಿನ ಸಹವಾಸ ಬೇಡ ಎಂದೆ.

ಮುಂದಿನ ಭಾನುವಾರ ಸಾಮಾನು ಕಟ್ಟಿಕೊಂಡು ಕಡಬದ ಬಸ್ಸು ಹತ್ತಿದೆ. ಮೊದಲು ಅವರ ಸಾಕೆಟ್ ಸರಿಪಡಿಸಿದೆ. ಆಮೇಲೆ ಕರೆಂಟಿನ ಹಂಗಿಲ್ಲದ ಮೂರು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟೆ. ಮೊದಲನೆಯದು ಗಲ್ಫಿನಿಂದ ಬಂದ ನನ್ನದೇ ಟೂ-ಇನ್-ಒನ್, ಅಂದರೆ ಟೇಪ್ ರೆಕಾರ್ಡರೂ ಇರುವ ರೇಡಿಯೋ, ಸೆಲ್ಲಿನಲ್ಲಿ ಓಡುವಂಥದ್ದು. ರೆಕಾರ್ಡ್ ಒತ್ತಿ, ಟೇಪು ಓಡದಂತೆ ತಡೆಯುವ ಗುಂಡಿಯನ್ನೂ ಒತ್ತಿದರೆ ಮೈಕಿನ ತೂತಿಗೆ ಕೊಟ್ಟದ್ದು ಹೆಡ್‌ಫೋನಿನಲ್ಲಿ ಕೇಳುತ್ತದೆ. ಹವಾಲ್ದಾರರು ಎರಡು ನಿಮಿಷ ಬಾರಿಸಿ ತಲೆ ಅಲ್ಲಾಡಿಸಿದರು. ಮೆಲ್ಲ ಮೀಟಿದರೂ ಗಟ್ಟಿ ಮೀಟಿದರೂ ಅದು ತಾನೇ ಶಬ್ದವನ್ನು ಒಂದೇ ಮಟ್ಟಕ್ಕೆ ತರುತ್ತಿತ್ತು. ಕೈಯ ತಪ್ಪು ಕೇಳಿಸದಿದ್ದರೆ ತಿದ್ದುವುದು ಹೇಗೆ? ಎರಡನೆಯದು ಒಂದು ಟ್ರಾನ್ಸಿಸ್ಟರ್ ರೇಡಿಯೋದ ಆಂಪ್ಲಿಫೈಯರ್ ಭಾಗ. ಅದರಲ್ಲಿ ನಾದ ಮಂಕಾಗಿ, ಗಂಟಲು ಕಟ್ಟಿದವರು ಹಾಡಿದಂತೆ ಬಂತು. ಪಿಕಪ್ಪಿನಿಂದ ಬರುವುದು ತೀರಾ ದುರ್ಬಲ ಸಂಕೇತ. ಮುಂದಿನ ಸರ್ಕ್ಯೂಟ್ ಅದರಿಂದ ಹೆಚ್ಚು ಎಳೆದುಕೊಂಡರೆ ನಾದದ ಹೊಳಪು ಹೋಗುತ್ತದೆ.

ಮೂರನೆಯದನ್ನು ನಾನೇ ಆ ವಾರ ಕೂತು ಮಾಡಿದ್ದೆ. ಮೊದಲ ಹಂತಕ್ಕೆ ಎಫ್‌ಇಟಿ, ಅಂದರೆ ಸಂಕೇತವನ್ನು ಎಳೆಯದೆ ಬರೀ ಮುಟ್ಟಿ ನೋಡುವ ಜಾತಿಯ ಟ್ರಾನ್ಸಿಸ್ಟರ್. ಅದರ ಹಿಂದೆ ಶಬ್ದ ಹೆಚ್ಚಿಸುವ ಒಂದು ಸಣ್ಣ ಐಸಿ, ನಾಲ್ಕು ಟಾರ್ಚ್ ಸೆಲ್, ಎಲ್ಲವೂ ಬಿಸ್ಕತ್ತಿನ ಡಬ್ಬಿಯೊಳಗೆ. ಹವಾಲ್ದಾರರು ಒಂದು ತಂತಿಯನ್ನು ಬೆರಳ ತುದಿಯಲ್ಲಿ ಸವರಿದರು. ಮುಖ ಅರಳಿತು. ಆಮೇಲೆ ನಮ್ಮನ್ನು ಮರೆತೇಬಿಟ್ಟರು.

ಹೆಡ್‌ಫೋನೂ ಎರಡು ಬಗೆಯದು ಒಯ್ದಿದ್ದೆ. ಟೆಲಿಫೋನ್ ಆಪರೇಟರ್ ಹಾಕಿಕೊಳ್ಳುವಂಥದ್ದು ಹಗುರ, ಆದರೆ ದಪ್ಪ ತಂತಿಗಳ ನಾದವೇ ಅದರಲ್ಲಿ ಬರುತ್ತಿರಲಿಲ್ಲ. ಕಿವಿ ಪೂರ್ತಿ ಮುಚ್ಚುವ ಮೆತ್ತೆಯ ಹೆಡ್‌ಫೋನನ್ನೇ ಆರಿಸಿದೆವು. ಅದರ ಸದ್ದು ಹೊರಗೆ ಸೋರುವುದೂ ಕಡಿಮೆ. ಪರೀಕ್ಷೆಗೆ ನರ್ಸಮ್ಮ ಒಳಕೋಣೆಯಲ್ಲಿ ಮಲಗಿದರು. ಹವಾಲ್ದಾರರು ಬಾರಿಸಿದರು. ಐದು ನಿಮಿಷದಲ್ಲಿ ಒಳಗಿನಿಂದ ಮಾತು ಬಂತು.

“ಗಿಟಾರು ಕೇಳುದಿಲ್ಲ. ಪೆರೇಡು ಕೇಳ್ತದೆ.”

ಹವಾಲ್ದಾರರು ತಾಳ ಹಾಕುತ್ತ ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದರು. ಬಾರಿಸುವವರಿಗೆ ಅದು ಗೊತ್ತೇ ಇರಲಿಲ್ಲ, ನೋಡುತ್ತ ಕೂತ ನನಗೂ ಹೊಳೆಯಲಿಲ್ಲ. ಹದಿನೇಳು ವರ್ಷದ ಅಭ್ಯಾಸವನ್ನು ನಿಲ್ಲಿಸಿ ಎಂದರೆ ನಿಲ್ಲುತ್ತದೆಯೇ? ಮರುವಾರ ನನ್ನ ಮೇಜಿನ ಕೆಳಗಿನ ರಬ್ಬರ್ ಶೀಟನ್ನು ಸುತ್ತಿ ಬಸ್ಸಿನಲ್ಲಿ ಕಳಿಸಿದೆ. ಅದನ್ನು ನಾಲ್ಕು ಮಡಿಕೆ ಮಾಡಿ ಹಿಮ್ಮಡಿಯ ಕೆಳಗೆ ಇಟ್ಟ ಮೇಲೆ ನರ್ಸಮ್ಮನಿಗೆ ನಿದ್ದೆ ಬಂತು.

ಸೆಪ್ಟೆಂಬರಿನಲ್ಲಿ ಆರ್ಕೆಸ್ಟ್ರಾದವರು ಮತ್ತೆ ಕೇಳಿ, ಹವಾಲ್ದಾರರನ್ನು ಸೇರಿಸಿಕೊಂಡರು. ವಾರದ ಕೊನೆಗೆ ಮಂಗಳೂರು, ಉಳಿದ ದಿನ ಮನೆ. ಸುದ್ದಿ ಹೇಳಲು ಬಂದವರು ನರ್ಸಮ್ಮನೇ. ಕೈಯಲ್ಲಿ ಆ ಬಿಸ್ಕತ್ತಿನ ಡಬ್ಬಿ ನೋಡಿ, ಮತ್ತೆ ಏನಾಯಿತು ಎಂದು ಕೇಳಿದೆ.

“ಹಾಳಾಗ್ಲಿಲ್ಲ. ಇದಕ್ಕೆ ಇನ್ನೊಂದು ಹೆಡ್‌ಫೋನ್ ಹಾಕ್ಲಿಕ್ಕೆ ಆಗ್ತದಾ ಅಂತ ಬಂದದ್ದು,” ಎಂದರು. “ಅವರ ಕೈ ಆಡುದು ಕಾಣ್ತದೆ, ತಲೆ ಆಡುದು ಕಾಣ್ತದೆ. ಹದಿನೇಳು ವರ್ಷ ಇವರು ಬಾರಿಸಿದ್ದನ್ನು ಕಾಗದದಲ್ಲಿ ಓದಿದೆ. ಈಗ ಎದುರೇ ಬಾರಿಸ್ತಾರೆ, ಆದ್ರೂ ನನಗೆ ಕೇಳುದಿಲ್ಲ ಅಂದ್ರೆ?”

ಎರಡನೆಯ ಹೆಡ್‌ಫೋನಿಗೆ ಸಾಕೆಟ್ ಹಾಕಿ, ಚಪ್ಪಲಿ ಕಳಚಿ, ಕೆಳಗಿಳಿದು ಜವುಳಿ ಅಂಗಡಿಯ ಹಿಂದಿನ ಅಂಗಳದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಪರೀಕ್ಷಿಸಿದೆ. ಸೆಲ್ಲಿನ ಡಬ್ಬಿಗೆ ಅದರ ಅಗತ್ಯ ಇರಲಿಲ್ಲ, ಅಗತ್ಯ ಇದ್ದದ್ದು ನನಗೆ. ಕಡಬಕ್ಕೆ ನಾನೇ ಒಯ್ದು ಜೋಡಿಸಿಕೊಟ್ಟೆ.

ಮಾರನೆಯ ತಿಂಗಳು ಕೊಯಿಲದ ಕಡೆ ಒಂದು ಕೆಲಸ ಮುಗಿಸಿ ಮಧ್ಯಾಹ್ನ ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು, ಒಳಗೆ ಸದ್ದಿಲ್ಲ. ಹವಾಲ್ದಾರರು ಬಾರಿಸುತ್ತಿದ್ದರು. ಪಕ್ಕದ ಆರಾಮ ಕುರ್ಚಿಯಲ್ಲಿ ನರ್ಸಮ್ಮ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಗಾಢ ನಿದ್ದೆಯಲ್ಲಿದ್ದರು. ಹವಾಲ್ದಾರರು ನನ್ನನ್ನು ನೋಡಿದರು, ಬಾರಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವರಿಗೆ ಎಚ್ಚರವಾಗುತ್ತದೆ ಎಂದು ಕಣ್ಣಿನಲ್ಲೇ ಹೇಳಿದರು. ನಾನು ಬಂದ ಹಾಗೇ ಮೆಲ್ಲ ಮೆಟ್ಟಿಲಿಳಿದೆ.

ಆಮೇಲೆ ಇಪ್ಪತ್ತು ವರ್ಷ ಅಂಗಡಿ ನಡೆಸಿದೆ. ರಿಪೇರಿಗೆ ಬಿಚ್ಚುವಾಗ ಕಾಲಡಿಗೆ ಹೊಸ ರಬ್ಬರ್ ಶೀಟ್ ಇರುತ್ತಿತ್ತು. ಆದರೆ ಗಿರಾಕಿಯ ಕೈಗೆ ಕೊಡುವ ಮೊದಲು, ಅವರ ಮನೆ ಎಲ್ಲಿ, ಯಾರು ಎಲ್ಲಿ ಕೂರುತ್ತಾರೆ, ನೆಲ ಹೇಗಿದೆ ಎಂದು ಕೇಳಿ, ಚಪ್ಪಲಿ ಬಿಟ್ಟು ಅಂಗಡಿಯ ಹಿಂದಿನ ಆ ಅಂಗಳಕ್ಕಿಳಿದು ಪರೀಕ್ಷಿಸಿ ನೋಡದೆ ಯಾವ ಸೆಟ್ಟನ್ನೂ ಕಳಿಸಲಿಲ್ಲ.