ರೆಕ್ಕೆಯ ಮೇಲಿನ ಭಂಡಾರ

ನಿಜ ಹೇಳಿಬಿಡುತ್ತೇನೆ. ಆಗ ನನಗೆ ಪವಾಡಗಳಲ್ಲೂ ನಂಬಿಕೆಯಿರಲಿಲ್ಲ, ಹೊಟ್ಟೆಪಾಡಿಗೆ ನಾನೇ ಮಾಡುತ್ತಿದ್ದ ತಪಾಸಣೆಯಲ್ಲೂ ಇರಲಿಲ್ಲ. ಹಳೆಯ ಸಣ್ಣ ವಿಮಾನ ಇಂತಿಷ್ಟು ತಾಸು ಹಾರಿದ ಮೇಲೆ ರೆಕ್ಕೆಯ ಬುಡ ಬಿಚ್ಚಿ ನೋಡಲೇಬೇಕೆಂಬುದು ನಿಯಮ. ವರ್ಷಗಟ್ಟಲೆ ಬಿಚ್ಚಿದೆ, ಮುಚ್ಚಿದೆ. ಬೆಟ್ಟ ಅಗೆದರೂ ಇಲಿ ಸಹ ಸಿಗದ ಕೆಲಸವೆಂದು ಗೊಣಗುತ್ತಿದ್ದೆ.

ಅದು ಬರಗಾಲದ ಎರಡನೆಯ ವರ್ಷ. ಮೋಡಕ್ಕೆ ಉಪ್ಪಿನ ಪುಡಿ ಬಿತ್ತಿ ಮಳೆ ತರಿಸಲು ನಿಲಂಗಾ ಊರಿನ ಆಚೆಯ ಬಯಲಿಗೆ ಒಂದು ಮುದಿ ವಿಮಾನ ತಂದಿದ್ದರು. ನಾನು ಅಲ್ಲೇ ಸಮೀಪದ ಮುರುಮ ಊರಿನ ಕಾಳಿನ ವ್ಯಾಪಾರಿಯ ಮಗ. ಊರಿನ ಹತ್ತಿರವೆಂದು ಅದರ ಮೆಕ್ಯಾನಿಕ್ ಆಗಿ ಬಂದಿದ್ದೆ. ಇಪ್ಪತ್ತು ದಿನ ಆಕಾಶ ಬೋಳು. ತಪಾಸಣೆಯ ದಿನವೇ, ಮಧ್ಯಾಹ್ನ, ಉಮರಗಾ ಕಡೆಯಿಂದ ಕರಿಮೋಡ ಎದ್ದಿತಲ್ಲ!

"ಲೌಕರ, ಲಗೂನ ಸಹಿ ಹಾಕ್ರಿ," ಎಂದ ಪೈಲಟ್. "ರೆಕ್ಕಿ ನಾಳೆ ಬಿಚ್ಚೋಣು. ಮೋಡ ನಿಮ್ಮ ನಟ್ಟು ಬಿಚ್ಚೋ ಪಾನಾ ಸಲುವಾಗಿ ನಿಲ್ತದೇನು?"

ಒಂದು ದಿನ ಮುಂದೂಡುವ ಅಧಿಕಾರ ನನಗಿತ್ತು. ಮಳೆಗೆ ಕಾದು ಬೇಲಿಯಾಚೆ ಸೇರಿದ್ದ ಜನ ನನ್ನ ಕೈಯನ್ನೇ ನೋಡುತ್ತಿದ್ದರು. ಪೆನ್ನು ತೆಗೆದೆ. ಮೇಲ್ನೋಟಕ್ಕಾದರೂ ನೋಡೋಣವೆಂದು ಏಣಿ ಹತ್ತಿದೆ.

ಎಡ ರೆಕ್ಕೆಯ ಬುಡದಲ್ಲಿ ಕೂದಲಿನಷ್ಟು ಸಣ್ಣ ಹಳದಿ ಗೆರೆಯಿತ್ತು. ಸಾಸ್ತೂರದ ಕುರಿಗಾಹಿ ಮಾಳಪ್ಪ, ಬೀರಪ್ಪನ ಭಕ್ತ, ಬೆಳಿಗ್ಗೆ ವಿಮಾನಕ್ಕೆ ಭಂಡಾರ ಹಚ್ಚಿ ಹೋಗಿದ್ದ. ದೇವರ ಅರಿಶಿನ, ಇರಲಿ ಬಿಡು ಎಂದು ನಕ್ಕಿದ್ದೆ. ಗೆರೆಯನ್ನು ಒರೆಸಿದೆ, ಹೋಯಿತು. ಸಹಿಯ ಕಾಗದ ಬಿಡಿಸಿ ಮತ್ತೆ ನೋಡಿದರೆ ಅಲ್ಲೇ ಇತ್ತು. ಎಣ್ಣೆಬಟ್ಟೆಯಿಂದ ತಿಕ್ಕಿದೆ. ಮತ್ತೆ ಬಂತು. ಉಗುರಾಡಿಸಿದೆ; ಬಣ್ಣ ನುಣ್ಣಗಿತ್ತು, ಬಿರುಕಿರಲಿಲ್ಲ. ಹೆದರಿದೆ, ಮುಚ್ಚುಮರೆಯೇಕೆ? ಪೆನ್ನು ಜೇಬಿಗಿಟ್ಟು ಪಾನಾ ಹಿಡಿದೆ.

ಪೈಲಟ್ ಬೈದ, ಬೇಲಿಯಾಚೆಯವರೂ ಬೈದರು. ನಾನು ತಗಡು ಬಿಚ್ಚುವಷ್ಟರಲ್ಲಿ ಮೋಡ ಉದಗೀರದ ಕಡೆ ಸರಿದುಹೋಯಿತು. ಒಂದು ಹನಿಯೂ ಉದುರಲಿಲ್ಲ. ಆ ಜನರ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಒಳಗೆ, ರೆಕ್ಕೆಯನ್ನು ಹೊರುವ ತೊಲೆಯಲ್ಲಿ, ಸರಿಯಾಗಿ ಆ ಗೆರೆಯ ಕೆಳಗೆ, ಅರ್ಧಕ್ಕೂ ಮಿಕ್ಕಿ ಸೀಳಿತ್ತು. ಪೈಲಟ್ ಏಣಿ ಹತ್ತಿ ಬಂದು ಅದರ ಉದ್ದಕ್ಕೂ ಬೆರಳಾಡಿಸಿದ.

"ಮನ್ಯಾಗ ಮಗಳು ಇನ್ನಾ ಸಣ್ಣಾಕಿ ಅದಾಳ್ರೀ," ಎಂದಷ್ಟೇ ಹೇಳಿದ.

ಹಳೆಯ ವಿಮಾನಕ್ಕೆ ಈ ತಪಾಸಣೆ ಬೇಕೇ ಎಂದು ಯಾರಾದರೂ ಕೇಳಿದರೆ ಬೇಕೇ ಬೇಕು ಎಂದು ಈಗ ಜಗಳವನ್ನೇ ಆಡುತ್ತೇನೆ. ಅವರಿಗೆ ಸೀಳಿನ ಕಥೆ ಹೇಳುತ್ತೇನೆ, ಗೆರೆಯದ್ದು ಹೇಳುವುದಿಲ್ಲ. ಗಾಳಿಗೆ ಪುಡಿ ಹಾರಿರಬಹುದು. ಆದರೆ ಒರೆಸಿದ ಮೇಲೂ?

ಮರುದಿನ ಮಾಳಪ್ಪನನ್ನು ಕೇಳಿದ್ದೆ, ರೆಕ್ಕೆಗೇಕೆ ಭಂಡಾರ ಹಚ್ಚಿದೆಯೆಂದು. ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ.

"ರೆಕ್ಕಿ ನನಗ ಎಟಕತಾವೇನ್ರೀ ಸಾಹೇಬ್ರ? ನಾ ಗಾಲಿಗಷ್ಟ ಹಚ್ಚೀನಿ."